ಗೋಡೆಯೇ ಪಳೆಯುಳಿಕೆ: ಕಾನ್ಸಸ್‌ನ ಮಾನ್ಯುಮೆಂಟ್ ರಾಕ್ಸ್

ಈಗ ನೀವು ನೋಡುತ್ತಿರುವುದು ಮಾನ್ಯುಮೆಂಟ್ ರಾಕ್ಸ್. ಅಮೆರಿಕದ ಕಾನ್ಸಸ್ ರಾಜ್ಯ, ಗೋವ್ ಕೌಂಟಿ. ಸುತ್ತ ಕಣ್ಣು ಹಾಯುವಷ್ಟು ದೂರ ಬರೀ ಹುಲ್ಲುಗಾವಲು. ಅದರ ನಡುವೆ ಈ ಗೋಡೆಗಳು. ಕೆಲವು ಸುಮಾರು 70 ಅಡಿ ಎತ್ತರ ಇವೆ. ಎಲ್ಲಾ ಸೀಮೆಸುಣ್ಣದ ಕಲ್ಲು.

ಇಲ್ಲಿಂದ ಸಮುದ್ರಕ್ಕೆ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಆದರೆ 8 ಕೋಟಿ ವರ್ಷಗಳಿಗೂ ಹಿಂದೆ ಇದೇ ಜಾಗ ಕಡಲ ತಳ. ಮೆಕ್ಸಿಕೊ ಕೊಲ್ಲಿಯಿಂದ ಆರ್ಕ್ಟಿಕ್‌ವರೆಗೂ ಆ ಕಡಲು ಹರಡಿತ್ತು. ಅದರ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ತೇಲುತ್ತಿದ್ದವು. ಒಂದೊಂದರ ಮೈಮೇಲೂ ಸುಣ್ಣದ ಪುಟ್ಟ ಪುಟ್ಟ ಬಿಲ್ಲೆಗಳು. ಅವು ಸತ್ತಾಗ ಬಿಲ್ಲೆಗಳು ತಳಕ್ಕೆ ಇಳಿದವು. ಲಕ್ಷಾಂತರ ವರ್ಷ ಹೀಗೇ ಇಳಿದು, ಪದರದ ಮೇಲೆ ಪದರ ಸೇರಿ, ಗಟ್ಟಿಯಾಯಿತು. ಇಲ್ಲಿಗೆ ಬಂದವರು ಪಳೆಯುಳಿಕೆ ಎಲ್ಲಿದೆ ಅಂತ ಹುಡುಕುತ್ತಾರೆ. ಈ ಗೋಡೆ ಬಹುಪಾಲು ಅದೇ ಅಲ್ವಾ!

ದೊಡ್ಡ ಪ್ರಾಣಿಗಳೂ ಇದರೊಳಗೆ ಸಿಕ್ಕಿವೆ. ಕಡಲ ತಳದ ಕೆಸರಿನಲ್ಲಿ ಆಮ್ಲಜನಕ ತುಂಬಾ ಕಡಿಮೆ ಇತ್ತು. ಹೆಣ ಕಿತ್ತು ತಿನ್ನುವ ಜೀವಿಗಳು ಅಲ್ಲಿ ಹೆಚ್ಚು ಇರಲಿಲ್ಲ. ಹಾಗಾಗಿ ಎಷ್ಟೋ ಅಸ್ಥಿಪಂಜರಗಳು ಚೆದುರದೆ ಉಳಿದವು.

ನನಗೆ ತುಂಬಾ ಇಷ್ಟವಾದದ್ದು ಒಂದು ಮೀನು. ಹೆಸರು ಕ್ಸಿಫಾಕ್ಟಿನಸ್, ಉದ್ದ ಸುಮಾರು 14 ಅಡಿ. 1952ರಲ್ಲಿ ಪಳೆಯುಳಿಕೆ ಸಂಗ್ರಾಹಕ ಜಾರ್ಜ್ ಸ್ಟರ್ನ್‌ಬರ್ಗ್ ಅದನ್ನು ಹೊರತೆಗೆದರು. ಅದರ ಹೊಟ್ಟೆಯಲ್ಲಿ ಇನ್ನೊಂದು ಮೀನು! ಗಿಲ್ಲಿಕಸ್ ಅಂತ, ಅದೇ ಸುಮಾರು 6 ಅಡಿ. ಇಡಿಯಾಗಿದೆ, ಜೀರ್ಣವಾಗಿಲ್ಲ. ಅಂದರೆ ನುಂಗಿದ ಸ್ವಲ್ಪ ಹೊತ್ತಿಗೇ ದೊಡ್ಡ ಮೀನು ಸತ್ತಿದೆ. ಒಳಗೆ ಒದ್ದಾಡಿದ ಬೇಟೆಯೇ ಅದನ್ನು ಕೊಂದಿರಬಹುದು ಅನ್ನುವ ಊಹೆ ಇದೆ. ಆ ಕಾಲದ ಒಂದು ಊಟ ನಮಗೆ ಹಾಗೇ ನೋಡಲು ಸಿಗುತ್ತದೆ ಅಂದರೆ ಮೈ ಜುಮ್ ಅನ್ನುತ್ತದೆ.

ಟೈಲೋಸಾರಸ್ ಅನ್ನುವ ದೈತ್ಯ ಕಡಲ ಸರೀಸೃಪ, ಹಾರುವ ಸರೀಸೃಪ ಟೆರಾನೊಡಾನ್, ಹಲ್ಲಿದ್ದ ಹಕ್ಕಿ ಹೆಸ್ಪೆರಾರ್ನಿಸ್ ಕೂಡ ಕಾನ್ಸಸ್‌ನ ಈ ಸುಣ್ಣದಲ್ಲೇ ಸಿಕ್ಕಿವೆ.

ಈ ಕಲ್ಲು ಬಹಳ ಮೆತ್ತಗೆ. ಇದೇ ಕೌಂಟಿಯಲ್ಲಿರುವ ಇಂಥದ್ದೇ ಸುಣ್ಣದ ಬಂಡೆ ಕ್ಯಾಸಲ್ ರಾಕ್‌ನಲ್ಲಿ 2001ರಲ್ಲಿ ಎತ್ತರದ ಒಂದು ಕಂಬವೇ ಕುಸಿದು ಬಿತ್ತು. ಮಳೆ ಗಾಳಿಯನ್ನು ತಡೆಯಲು ಆಗುವುದಿಲ್ಲ, ಸರಿ. ಆದರೆ ಇದರ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಹತ್ತಬೇಡಿ, ಕೆರೆಯಬೇಡಿ. ಈ ಜಾಗ ಖಾಸಗಿ ಜಮೀನಿನಲ್ಲಿದೆ. ಮಾಲೀಕರು ಒಳಗೆ ಬಿಡುತ್ತಿರುವುದೇ ದೊಡ್ಡ ವಿಷಯ.

ನೀವು ಬರುವುದಾದರೆ ಮೊದಲು ಹೇಯ್ಸ್ ಊರಿನ ಸ್ಟರ್ನ್‌ಬರ್ಗ್ ಮ್ಯೂಸಿಯಂಗೆ ಹೋಗಿ. ಆ ಮೀನು ಅಲ್ಲೇ ಇದೆ. ಅದನ್ನು ನೋಡಿಕೊಂಡು ಇಲ್ಲಿಗೆ ಬನ್ನಿ.