ಸಕ್ಕರೆ ಒಡೆಯೋ ಸುತ್ತಿಗೆಗೆ ಇಷ್ಟೊಂದು ಕುಸುರಿ ಯಾಕೆ?

[ಪರದೆ ಮೇಲೆ: ಅಂಗೈಯಲ್ಲಿ ಒಂದು ಪುಟ್ಟ ಸುತ್ತಿಗೆ. ಹತ್ತಿರದ ನೋಟ.]

ನಮಸ್ಕಾರ. ಈ ಸುತ್ತಿಗೆಯನ್ನು ಸ್ವಲ್ಪ ನೋಡಿ. ಕಬ್ಬಿಣದ ತಲೆ, ಅದಕ್ಕೆ ಹಿತ್ತಾಳೆ ಪಟ್ಟಿ, ಪಕ್ಕದಲ್ಲೇ ತಾಮ್ರ. ಹಿಡಿಯ ತುಂಬ ಕೊರೆದ ಗೆರೆ, ಚುಕ್ಕಿ, ತ್ರಿಕೋನ. ಇದರಲ್ಲಿ ಮೊಳೆ ಹೊಡೆಯೋದಿಲ್ಲ. ಚಹಾಕ್ಕೆ ಹಾಕುವ ಸಕ್ಕರೆ ಒಡೆಯುತ್ತಾರೆ, ಅಷ್ಟೇ.

ಇದು ಸಹಾರಾ ಮರುಭೂಮಿಯ ತುವಾರೆಗ್ ಜನರದ್ದು. ನೈಜರ್, ಮಾಲಿ, ಅಲ್ಜೀರಿಯಾ, ಲಿಬಿಯಾಗಳಲ್ಲಿ ಹರಡಿಕೊಂಡಿರುವ ಜನ. ಅಲ್ಲಿಗೆ ಸಕ್ಕರೆ ಬರುತ್ತಿದ್ದದ್ದು ಕಾಗದದಲ್ಲಿ ಸುತ್ತಿದ ಗಟ್ಟಿ ಶಂಕುವಿನ ಆಕಾರದಲ್ಲಿ. ನಾವು ಅಚ್ಚುಬೆಲ್ಲವನ್ನು ಗುಂಡುಕಲ್ಲಿನಲ್ಲಿ ಕುಟ್ಟುತ್ತೇವಲ್ಲ, ಹಾಗೆ ಅವರು ಇದನ್ನು ಕುಟ್ಟಿ ತುಂಡು ಮಾಡಬೇಕಿತ್ತು.

ಸಾವಿರಾರು ವರ್ಷದ ಸಂಪ್ರದಾಯ ಅಂದ್ಕೊಂಡ್ರಾ? ನಾನೂ ಹಾಗೇ ಅಂದುಕೊಂಡಿದ್ದೆ. ಹಸಿರು ಚಹಾ ಚೀನಾದ್ದು. ಮೊರಾಕ್ಕೊದ ಅರಮನೆಗೆ ಅದು 18ನೇ ಶತಮಾನದಲ್ಲೇ ಬಂದಿತ್ತು. 1853ರಿಂದ 56ರವರೆಗೆ ರಷ್ಯಾ ವಿರುದ್ಧ ಕ್ರಿಮಿಯಾ ಯುದ್ಧ ನಡೆದಾಗ ಬ್ರಿಟಿಷ್ ವ್ಯಾಪಾರಿಗಳಿಗೆ ಹಳೆಯ ಗಿರಾಕಿಗಳ ದಾರಿ ಮುಚ್ಚಿತು. ಉಳಿದ ಚಹಾವನ್ನು ಮೊರಾಕ್ಕೊದ ಬಂದರುಗಳಲ್ಲಿ ಇಳಿಸಿದರು. ಅಲ್ಲಿಂದ ಒಂಟೆ ಹೇರಿನಲ್ಲಿ ಅದು ದಕ್ಷಿಣಕ್ಕೆ ಹೊರಟಿತು. ತುವಾರೆಗ್ ಗುಡಾರಗಳಲ್ಲಿ ಚಹಾ ದಿನನಿತ್ಯದ ಮಾತಾಗಿದ್ದು ಹೆಚ್ಚುಕಡಿಮೆ 20ನೇ ಶತಮಾನದಲ್ಲಿ. ಅಂದರೆ ಈ ಸುತ್ತಿಗೆಯೂ ಅಷ್ಟೇನೂ ಹಳೆಯದಲ್ಲ. ಹಳೆಯದು ಅದನ್ನು ಮಾಡಿದ ಕೈ.

[ಪರದೆ ಮೇಲೆ: ಮರಳಿನಲ್ಲಿ ನೆಟ್ಟ, ಲೋಹ ಬಡಿಯುವ ಅಡಿಗಲ್ಲು, ಆಡಿನ ಚರ್ಮದ ತಿದಿ.]

ಆ ಕೈ 'ಇನಾದನ್'ಗಳದ್ದು, ಅಂದರೆ ಕಮ್ಮಾರರದ್ದು. ಕತ್ತಿ, ಬೀಗ, ಒಂಟೆಯ ಜೀನು, ಒಡವೆ ಎಲ್ಲ ಇವರದೇ ಕೆಲಸ. ಚರ್ಮದ ಕೆಲಸ ಹೆಚ್ಚಾಗಿ ಇವರ ಮನೆಯ ಹೆಂಗಸರದ್ದು. ತಮ್ಮೊಳಗೆ ಮಾತಾಡಲು ಇವರಿಗೆ ಒಂದು ಗುಟ್ಟಿನ ಭಾಷೆಯೂ ಇದೆ. ದೊಡ್ಡ ಮನೆತನದವರು ಲೋಹ ಮುಟ್ಟಿ ದುಡಿಯುತ್ತಿರಲಿಲ್ಲ. ಕಮ್ಮಾರನನ್ನು ಕೀಳಾಗಿ ನೋಡುತ್ತಿದ್ದರು. ಆದರೆ ಅವನ ಮನಸ್ಸು ನೋಯಿಸಲು ಹೆದರುತ್ತಿದ್ದರು. ಮದುವೆ ಸಂಬಂಧ ಕುದುರಿಸೋಕೆ, ಜಗಳ ಬಿಡಿಸೋಕೆ ಅವನೇ ಬೇಕು!

ಒಡವೆ ಮಾತ್ರ ಬೆಳ್ಳಿಯದ್ದು. ಚಿನ್ನ ಕೆಡುಕು ತರುತ್ತದೆ ಅನ್ನೋದು ಅವರ ಹಳೆಯ ನಂಬಿಕೆ. ನಮ್ಮ ಮನೆಯಲ್ಲಿ ಈ ಮಾತು ಹೇಳಿದರೆ ಏನಾಗುತ್ತೋ! ಬೆಳ್ಳಿಗಾಗಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ಚಿತ್ರವಿರುವ ನಾಣ್ಯ ಕರಗಿಸುತ್ತಿದ್ದರು. 1780ರ ನಂತರ ಯಾವ ವರ್ಷ ಟಂಕಿಸಿದರೂ ಆ ನಾಣ್ಯದ ಮೇಲೆ 1780 ಅಂತಲೇ ಇರುತ್ತದೆ. ನೈಜರ್‌ನ ಅಗಾದೆಜ್ ಊರಿನ ಹೆಸರಾಂತ ಶಿಲುಬೆಯಾಕಾರದ ಪದಕ ಮಾಡುವ ರೀತಿ ಹೀಗೆ. ಮೊದಲು ಮೇಣದಲ್ಲಿ ಪದಕ ತಿದ್ದುತ್ತಾರೆ. ಸುತ್ತ ಜೇಡಿಮಣ್ಣು ಮೆತ್ತಿ ಕಾಯಿಸುತ್ತಾರೆ. ಮೇಣ ಕರಗಿ ಹೋದ ಜಾಗಕ್ಕೆ ಬೆಳ್ಳಿ ಹುಯ್ಯುತ್ತಾರೆ. ಆಮೇಲೆ ಅಚ್ಚು ಒಡೆಯಲೇಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ಪದಕ.

[ಪರದೆ ಮೇಲೆ: ಕೆಂಡದ ಮೇಲೆ ಪುಟ್ಟ ಚಹಾ ಪಾತ್ರೆ.]

ಈಗ ಚಹಾ. ಎಲೆ, ನೀರು, ಕೆಂಡ. ಕುದಿಯಲು ಬಿಡುತ್ತಾರೆ, ಸುಮ್ನೆ ಕಾಯುತ್ತಾರೆ. ಆಮೇಲೆ ಎತ್ತರದಿಂದ ಪುಟ್ಟ ಲೋಟಕ್ಕೆ ಹುಯ್ದು, ಲೋಟದಿಂದ ಲೋಟಕ್ಕೆ ಮತ್ತೆ ಮತ್ತೆ ಬಗ್ಗಿಸಿ ನೊರೆ ಎಬ್ಬಿಸುತ್ತಾರೆ. ನೊರೆ ಇಲ್ಲದಿದ್ದರೆ ಅದೇನು ಚಹಾ? ಮೂರು ಸುತ್ತು ಕುಡಿಯಬೇಕು. ಮೂರನೆಯದಕ್ಕೆ ಮೊದಲೇ ಎದ್ದು ಹೋದರೆ ಮರ್ಯಾದೆಯಲ್ಲ.

ಮೊದಲ ಲೋಟ ಸಾವಿನಂತೆ ಕಹಿ, ಎರಡನೆಯದು ಬದುಕಿನಂತೆ ಹದ, ಮೂರನೆಯದು ಪ್ರೀತಿಯಂತೆ ಸಿಹಿ ಅಂತ ಒಂದು ಮಾತಿದೆ. ಊರಿಂದೂರಿಗೆ ಇದು ಬದಲಾಗುತ್ತದೆ. ಚಂದದ ಮಾತೇ, ಆದರೆ ಕಾರಣ ಸರಳ. ಮೂರೂ ಸಲ ಅದೇ ಎಲೆ. ಪ್ರತಿ ಸುತ್ತಿಗೂ ನೀರು ಸೇರುತ್ತದೆ, ಸಕ್ಕರೆ ಜಾಸ್ತಿಯಾಗುತ್ತದೆ, ಕಹಿ ಇಳಿಯುತ್ತದೆ.

ಪಶ್ಚಿಮಕ್ಕೆ ಹೋದರೆ ಮೌರಿಟಾನಿಯಾ ದೇಶದ 'ಮೂರ್' ಅನ್ನೋ ಜನಾಂಗ. ಅಲ್ಲಿ ಕಮ್ಮಾರನಿಗೆ 'ಮಾಲ್ಲೆಮ್' ಅಂತಾರೆ. ಮೆದೆರ್ದ್ರಾ ಊರಿನವರು ಬೆಳ್ಳಿ ಕೂರಿಸಿದ ಮರದ ಪೆಟ್ಟಿಗೆಗಳಿಗೆ ಹೆಸರುವಾಸಿ.

ಒಳ್ಳೆಯ ಚಹಾಗೆ ಮೂರು 'ಜ' ಬೇಕು ಅಂತ ಈ ಜನಾಂಗದವರು ಹೇಳುತ್ತಾರೆ. 'ಜಮಾ' ಅಂದರೆ ಜೊತೆಗೆ ಕೂರುವ ಜನ. 'ಜರ್' ಅಂದರೆ ಎಳೆದು ಎಳೆದು ನಿಧಾನ ಮಾಡೋದು. ಮೂರನೆಯದು 'ಜಮರ್', ಕೆಂಡ. ಚಹಾ ಕಾಯಿಸುವವನಿಗೂ ಮಾಲ್ಲೆಮ್‌ಗೂ ಇಬ್ಬರಿಗೂ ಬೇಕಾದದ್ದು ಅದೇ.

[ಪರದೆ ಮೇಲೆ: ಸುತ್ತಿಗೆ ಏಳುತ್ತದೆ. ಸಕ್ಕರೆ ಬಿರಿಯುವ ಸದ್ದು. ಕಪ್ಪು ಪರದೆ.]