ಬ್ರಹ್ಮಕಮಲದ ಊರಿನಲ್ಲಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ಒಂದು ರಾತ್ರಿ ಯಾರದಾದರೂ ಮನೆಯ ಕುಂಡದಲ್ಲಿ ಬ್ರಹ್ಮಕಮಲ ಅರಳಿತೆಂದರೆ, ಅಕ್ಕಪಕ್ಕದವರನ್ನೆಲ್ಲ ಕರೆದು, ದೀಪ ಹಚ್ಚಿಟ್ಟು, ಹೂವಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಬೆಳಗಾಗುವಷ್ಟರಲ್ಲಿ ಜೋತುಬೀಳುವ ಆ ಬಿಳಿಯ ಹೂವು ಎಷ್ಟೇ ಚೆಲುವಾದುದಾದರೂ, ಅದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯ ಒಂದು ಕಳ್ಳಿ. ಉತ್ತರಾಖಂಡವು ತನ್ನ ರಾಜ್ಯಪುಷ್ಪವೆಂದು ಗೌರವಿಸುವ ಬ್ರಹ್ಮಕಮಲವೇ ಬೇರೆ. ಸಸ್ಯಶಾಸ್ತ್ರಜ್ಞರು ಸಾಸೂರಿಯಾ ಒಬ್ವಲ್ಲಾಟ ಎಂದು ಕರೆಯುವ ಅದು ಸೇವಂತಿಗೆ ಮತ್ತು ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ್ದು. ಅದನ್ನು ಅದು ಬೆಳೆಯುವ ನೆಲದಲ್ಲೇ ಕಂಡು, ಸಾಧ್ಯವಾದರೆ ಚಿತ್ರ ತೆಗೆದು ತರಬೇಕೆಂಬ ಆಸೆಯಿಂದ ನಾನು ಆಗಸ್ಟ್ ತಿಂಗಳಲ್ಲಿ ಚಮೋಲಿ ಜಿಲ್ಲೆಯ ಹೂಗಳ ಕಣಿವೆಗೆ ಹೋಗಿದ್ದೆ. ಕಣ್ಣಿಗೆ ಕಾಣದ ಚಿತ್ರಗಳ ಬಗ್ಗೆ ಬಾನುಲಿಯಲ್ಲಿ ಮಾತನಾಡುವುದು ವಿಚಿತ್ರವೇ ಸರಿ. ಆದರೆ ನನ್ನ ಚಿತ್ರಗಳಲ್ಲಿ ಅರ್ಧದಷ್ಟು ಮಸುಕಾಗಿರುವುದರಿಂದ ಇದರಲ್ಲಿ ನನಗೆ ಅನುಕೂಲವೂ ಇದೆ.

1931ರಲ್ಲಿ ಕಾಮೆಟ್ ಶಿಖರವನ್ನೇರಿ ಹಿಂದಿರುಗುತ್ತಿದ್ದ ಫ್ರಾಂಕ್ ಸ್ಮೈತ್ ಮತ್ತು ಸಂಗಡಿಗರು ಭ್ಯೂಂಡಾರ್ ಕಣಿವೆಗೆ ಇಳಿದ ಮೇಲೆಯೇ ಈ ಜಾಗದ ಹೆಸರು ಹೊರಜಗತ್ತಿಗೆ ತಿಳಿದದ್ದು. ಸ್ಥಳೀಯ ಕುರಿಗಾಹಿಗಳಿಗಂತೂ ಅದು ಮೊದಲಿನಿಂದಲೂ ಗೊತ್ತಿತ್ತು. 1939ರಲ್ಲಿ ಸಸ್ಯಸಂಗ್ರಹಕ್ಕೆಂದು ಇಂಗ್ಲೆಂಡಿನಿಂದ ಬಂದಿದ್ದ ಜೋನ್ ಮಾರ್ಗರೆಟ್ ಲೆಗ್ ಇಲ್ಲಿಯ ಇಳಿಜಾರಿನಲ್ಲಿ ಜಾರಿ ಬಿದ್ದು ತೀರಿಕೊಂಡರು. ಅವರ ಸಮಾಧಿಯ ಕಲ್ಲು ಇಂದಿಗೂ ಹೂಗಳ ನಡುವೆ ಇದೆ. ಕಣಿವೆಯು 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಗೋವಿಂದಘಾಟ್‌ನಿಂದ ಪುಲ್ನಾದವರೆಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ಸುಮಾರು 10 ಕಿಲೋಮೀಟರ್ ನಡೆದರೆ ಘಾಂಘರಿಯಾ ಸಿಗುತ್ತದೆ. ಉದ್ಯಾನದೊಳಗೆ ತಂಗಲು ಅವಕಾಶವಿಲ್ಲದ ಕಾರಣ, ಪ್ರತಿದಿನ ಬೆಳಿಗ್ಗೆ ಘಾಂಘರಿಯಾದಿಂದ ಹೊರಟು ಸಂಜೆಗೆ ಅಲ್ಲಿಗೇ ಮರಳಬೇಕು. ಭೂರ್ಜವೃಕ್ಷಗಳು ಕುಳ್ಳಾಗಿ, ಬಾಗಿ, ಕೊನೆಗೆ ಇಲ್ಲವೇ ಆಗುವ ಎತ್ತರವನ್ನು ದಾಟಿದ ಮೇಲೆ ಬರಿಯ ಹುಲ್ಲುಗಾವಲು. ಅಲ್ಲಿಯ ಜನ ಇದನ್ನು ಬುಗ್ಯಾಲ್ ಎನ್ನುತ್ತಾರೆ. ವರ್ಷದ ಬಹುಭಾಗ ಹಿಮದಡಿಯಲ್ಲಿ ಮಲಗಿರುವ ಈ ನೆಲದಲ್ಲಿ ಚಿಗುರುವುದು, ಅರಳುವುದು, ಬೀಜ ಕಟ್ಟುವುದು ಎಲ್ಲವೂ ನಾಲ್ಕೈದು ತಿಂಗಳಲ್ಲಿ ಮುಗಿಯಬೇಕು.

ಮೊದಲ ದಿನ ನಾನು ಹುಡುಕಿದ್ದು ನೀಲಿ ಗಸಗಸೆಯನ್ನು. ಮೆಕನಾಪ್ಸಿಸ್ ಅಕ್ಯುಲಿಯೇಟಾ ಎಂಬುದು ಅದರ ಶಾಸ್ತ್ರೀಯ ಹೆಸರು. ನಮ್ಮ ಅಡುಗೆಮನೆಯ ಗಸಗಸೆಯ ಬಳಗದ್ದೇ. ಬಯಲಿನ ನಡುವೆ ಎಷ್ಟು ಅಲೆದರೂ ಅದು ಸಿಗಲಿಲ್ಲ. ನನ್ನ ಜೊತೆಗಿದ್ದ ಮಾರ್ಗದರ್ಶಿ ನನ್ನನ್ನು ಹೊಳೆಯ ಕಡೆಯ ಬಂಡೆಗಳತ್ತ ಕರೆದೊಯ್ದು, ಹೂವನ್ನು ಹುಡುಕಬೇಡಿ, ನೀರು ಜಿನುಗುವ ಬಿರುಕನ್ನು ಹುಡುಕಿ ಎಂದರು. ಅರ್ಧ ಗಂಟೆಯಲ್ಲಿ ಮೂರು ಗಿಡಗಳು ಕಂಡವು. ಮೈತುಂಬ ಮುಳ್ಳುಗೂದಲು, ತುದಿಯಲ್ಲಿ ತೆಳು ರೇಷ್ಮೆಯಂತಹ ನೀಲಿ ಎಸಳುಗಳು, ನಡುವೆ ಹಳದಿಯ ಕೇಸರಗಳು. ಬಿದಿರಿನಂತೆ ಈ ಗಿಡವೂ ಕೆಲವು ವರ್ಷ ಎಲೆಗಳಲ್ಲೇ ಕಳೆದು, ಒಮ್ಮೆ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಆದ್ದರಿಂದ ಕಿತ್ತ ಹೂವೆಂದರೆ ಆ ಗಿಡದ ಬಾಳಿನ ಒಟ್ಟು ಸಂಪಾದನೆಯೇ ಹೋದಂತೆ.

ಈ ನೀಲಿಯನ್ನು ಚಿತ್ರದಲ್ಲಿ ಹಿಡಿಯುವುದು ಸುಲಭವಲ್ಲ. ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ಊಹಿಸಿ ಸರಿಪಡಿಸಲು ಹೋಗಿ, ಎಷ್ಟೋ ಸಲ ಅದನ್ನು ನೇರಳೆಯಾಗಿಸಿಬಿಡುತ್ತದೆ. ಅದೇ ಬೆಳಕಿನಲ್ಲಿ ಒಂದು ಬೂದುಬಣ್ಣದ ಕಾರ್ಡನ್ನು ಹಿಡಿದು ಒಂದು ಚಿತ್ರ ತೆಗೆದುಕೊಂಡರೆ, ಮನೆಗೆ ಬಂದ ಮೇಲೆ ಬಣ್ಣವನ್ನು ಅದಕ್ಕೆ ಹೋಲಿಸಿ ತಿದ್ದಬಹುದು. ಬಿಸಿಲಿಗಿಂತ ಮೋಡವೇ ಒಳ್ಳೆಯದು. ಬಿಸಿಲಿದ್ದರೆ ಬಿಳಿಯ ಕೊಡೆಯನ್ನು ಅಡ್ಡ ಹಿಡಿದರಾಯಿತು. ಬೆಳಕಿಗಿಂತ ದೊಡ್ಡ ಶತ್ರು ಗಾಳಿ. ಸೆಕೆಂಡಿನ 250ನೇ ಒಂದು ಭಾಗದಷ್ಟು ಚುರುಕಾಗಿ ಶಟರ್ ಮುಚ್ಚಿದರೂ ಎಸಳಿನ ಅಂಚು ಅಲುಗಿರುತ್ತದೆ. ಬೆಳಗಿನ ಹೊತ್ತು ಗಾಳಿ ಕಡಿಮೆಯೆಂದು ನಸುಕಿನಲ್ಲೇ ಹೊರಟರೂ, ಒಂದೊಂದು ಹೂವಿನ ಮುಂದೆ ಇಪ್ಪತ್ತು ನಿಮಿಷ ಒದ್ದೆ ನೆಲದಲ್ಲಿ ಮೊಣಕೈಯೂರಿ ಕಾಯಬೇಕಾಯಿತು. ಮಲಗುವ ಮುನ್ನ ನೆಲವನ್ನು ನೋಡಿಕೊಳ್ಳಬೇಕೆಂಬುದನ್ನು ನಾನು ತಡವಾಗಿ ಕಲಿತೆ. ಎರಡನೆಯ ಗಿಡದ ಚಿತ್ರ ತೆಗೆದು ಎದ್ದಾಗ, ನನ್ನ ಚೀಲದಡಿ ಇನ್ನೂ ಹೂಬಿಡದ ಒಂದು ಎಳೆಯ ಗಸಗಸೆ ಗಿಡ ಅಪ್ಪಚ್ಚಿಯಾಗಿತ್ತು.

ಆ ಬಳಿಕ ನಾನು ಕೆಲಸದ ರೀತಿಯನ್ನೇ ಬದಲಿಸಿದೆ. ಹತ್ತಿರದ ವಸ್ತುಗಳಿಗೆಂದೇ ಇರುವ ಲೆನ್ಸಿನಿಂದ ಹೂವನ್ನು ಮಾತ್ರ ತುಂಬಿಸಿಕೊಂಡು, ಹಿನ್ನೆಲೆಯನ್ನು ಹಸಿರು ಮಸುಕಾಗಿಸುವ ಚಿತ್ರಗಳು ನೋಡಲು ಚೆಂದ. ಆದರೆ ಆ ಹೂವು ಬಂಡೆಯ ಬಿರುಕಿನದೋ ಯಾರದೋ ತೋಟದ್ದೋ ಎಂಬುದು ಅವುಗಳಿಂದ ತಿಳಿಯದು. ಅಗಲ ನೋಟದ ಲೆನ್ಸನ್ನು ಹೂವಿನಿಂದ ಒಂದು ಗೇಣಿನಷ್ಟು ದೂರದಲ್ಲಿಟ್ಟರೆ, ಮುಂದೆ ಹೂವು, ಹಿಂದೆ ಜಿನುಗುವ ಬಂಡೆ, ಅದರಾಚೆ ಪುಷ್ಪಾವತಿ ನದಿ, ಎಲ್ಲವೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಹಾಗೆ ತೆಗೆದಾಗ ಬೇಡದ್ದೂ ಬರುತ್ತದೆ. ಉದ್ಯಾನದಲ್ಲಿ ಮೇಯಿಸುವುದನ್ನು ನಿಲ್ಲಿಸಿದ ಮೇಲೆ ಆಳೆತ್ತರಕ್ಕೆ ಹಬ್ಬಿ, ಸಣ್ಣ ಗಿಡಗಳ ಜಾಗವನ್ನು ಕಬಳಿಸುತ್ತಿರುವ ಪಾಲಿಗೋನಮ್ ಎಂಬ ಗಿಡವನ್ನು ಅರಣ್ಯ ಇಲಾಖೆಯವರು ಕೀಳಿಸುತ್ತಾರೆ. ಅದರ ಬಿಳಿ ಹೂಗೊಂಚಲು ಅಂಚಿನಲ್ಲಿ ಕಂಡಾಗ ಕತ್ತರಿಸಿ ತೆಗೆಯುವ ಮನಸ್ಸಾಗುತ್ತದೆ. ನಾನು ಹಾಗೇ ಉಳಿಸಿಕೊಂಡಿದ್ದೇನೆ. ಕಣಿವೆ ಇಂದು ಇರುವುದು ಹಾಗೆಯೇ.

ಬ್ರಹ್ಮಕಮಲಕ್ಕಾಗಿ ಮರುದಿನ, ಸರೋವರದ ದಂಡೆಯಲ್ಲಿ ಸಿಖ್ಖರ ಗುರುದ್ವಾರವಿರುವ ಹೇಮಕುಂಡ್ ಸಾಹಿಬ್‌ನ ದಾರಿ ಹಿಡಿದೆ. 4,000 ಮೀಟರಿಗಿಂತ ಎತ್ತರದ ಆ ಸರೋವರದ ಹತ್ತಿರ, ಮಂಜಿನಲ್ಲಿ, ಕಲ್ಲುಗಳ ನಡುವೆ ಎಲೆಕೋಸಿನಂತಹದೇನೋ ಕಂಡು ಮುಂದೆ ನಡೆದುಬಿಟ್ಟಿದ್ದೆ; ಮಾರ್ಗದರ್ಶಿ ಕೂಗಿ ನಿಲ್ಲಿಸಿದರು. ನಾವು ಎಸಳೆಂದುಕೊಳ್ಳುವುದು ಕಾಗದದಷ್ಟು ತೆಳುವಾದ, ತಿಳಿ ಹಳದಿ ಬಣ್ಣದ ಎಲೆಗಳು; ನಿಜವಾದ ಹೂಗಳು ಅವುಗಳ ಒಳಗೆ ಕಡುನೇರಳೆಯ ಸಣ್ಣ ಗೊಂಚಲಾಗಿ ಅಡಗಿರುತ್ತವೆ. ಬೆಳಕನ್ನು ಒಳಬಿಟ್ಟು ಮಳೆಯನ್ನು ಹೊರಗಿಡುವ ಈ ಏರ್ಪಾಟಿನ ಕಾರಣ ಇಂತಹವನ್ನು ಗಾಜಿನ ಮನೆಯ ಸಸ್ಯಗಳೆಂದು ಕರೆಯುವುದುಂಟು. ಮಂಜಿನ ಹಿಂಬೆಳಕಿನಲ್ಲಿ ಆ ಎಲೆಗಳು ಒಳಗೆ ಹಣತೆಯಿಟ್ಟಂತೆ ಕಾಣುತ್ತಿದ್ದವು. ಭಾದ್ರಪದದಲ್ಲಿ ಬರುವ ನಂದಾಷ್ಟಮಿ ಹಬ್ಬದ ಹೊತ್ತಿಗಷ್ಟೇ ಅದನ್ನು ಕಿತ್ತು ದೇವರಿಗೆ ಅರ್ಪಿಸುವ ಸಂಪ್ರದಾಯ ಅಲ್ಲಿಯ ಹಳ್ಳಿಗಳಲ್ಲಿದೆ; ಬೀಜ ಕಟ್ಟಲು ಗಿಡಕ್ಕೆ ಅಷ್ಟಾದರೂ ಬಿಡುವು ಸಿಗುತ್ತದೆ. ದಾರಿಯಂಚಿನ ಹಲವು ಗಿಡಗಳಿಗೆ ಮಾತ್ರ ಆ ಬಿಡುವು ಸಿಕ್ಕಿರಲಿಲ್ಲ; ಮುರಿದ ದಂಟುಗಳಷ್ಟೇ ಉಳಿದಿದ್ದವು. ನಾನು ತೆಗೆದ ಚಿತ್ರಗಳನ್ನು ಹಂಚಿಕೊಳ್ಳುವಾಗ ಗಿಡಗಳಿರುವ ನಿಖರವಾದ ಜಾಗವನ್ನು ಹೇಳದಿರುವುದು ಇದೇ ಕಾರಣಕ್ಕೆ.

ಊರಿಗೆ ಬಂದು ಒಂದು ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಪ್ರತಿವರ್ಷ ನಮ್ಮನ್ನು ಬ್ರಹ್ಮಕಮಲ ನೋಡಲು ಕರೆಯುವ ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ರಾತ್ರಿ ಎಷ್ಟು ಗಂಟೆಗೆ ಅರಳಿತಪ್ಪಾ ಇದು?" ಎಂದು ಕೇಳಿದರು.