ಮೊಳಕೆ ಬಂತು, ಸಸಿ ಬರಲಿಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಮನೆಯೊಳಗೆ ಬೀಜ ಹಾಕುವವರು ಈಗ ಜಾಸ್ತಿಯಾಗಿದ್ದಾರೆ. ಮೂರನೇ ಮಹಡಿಯ ಬಾಡಿಗೆ ಮನೆ, ಒಂದು ಕಿಟಕಿ, ನಾಲ್ಕು ಕುಂಡ. ಇಷ್ಟಿದ್ದರೆ ಸಾಕು, ಮೆಣಸಿನಕಾಯಿ, ಟೊಮೆಟೊ, ಹಾಗಲ ಎಲ್ಲಕ್ಕೂ ಕೈ ಹಾಕುತ್ತಾರೆ. ಇವರಲ್ಲಿ ಬಹಳ ಜನರ ದೂರು ಒಂದೇ. "ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ ಸಾರ್, ಮೊಳಕೆ ಚೆನ್ನಾಗಿ ಬಂತು. ಟ್ರೇಗೆ ಹಾಕಿದ ಮೇಲೆ ಒಂದೂ ಮೇಲೆ ಬರಲಿಲ್ಲ. ಬೀಜನೇ ಸರಿ ಇಲ್ಲ ಅಲ್ವಾ?"

ಇರಲಿಕ್ಕಿಲ್ಲ. ಬೀಜ ಪೂರ್ತಿ ಕೆಟ್ಟಿದ್ದರೆ ಬಟ್ಟೆಯಲ್ಲೇ ಗೊತ್ತಾಗುತ್ತಿತ್ತು. ನಮ್ಮಲ್ಲಿ ಪ್ರಮಾಣಿತ ಬೀಜಕ್ಕೂ, ಅಂದರೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಟ್ಟ ಬೀಜಕ್ಕೂ, ಮೆಣಸಿನಕಾಯಿಯಲ್ಲಿ ನೂರಕ್ಕೆ 60, ಟೊಮೆಟೊ ಮತ್ತು ಬದನೆಯಲ್ಲಿ 70 ಮೊಳೆತರೆ ಸಾಕು. ಹಾಗಾಗಿ ಹತ್ತು ಮೆಣಸಿನ ಬೀಜದಲ್ಲಿ ನಾಲ್ಕು ಮೊಳೆಯಲಿಲ್ಲ ಅಂತ ಅಂಗಡಿಯವರ ಜೊತೆ ಜಗಳ ಮಾಡುವಂತಿಲ್ಲ. ಆದರೆ ನೀವು ಟ್ರೇಗೆ ಹಾಕಿದ್ದು ಮೊಳೆತ ಆರನ್ನು. ತುಂಬಾ ಹಳೆಯ ಬೀಜ ಬೇರು ಬಿಟ್ಟು ಅಲ್ಲಿಗೇ ಸುಸ್ತಾಗುವುದುಂಟು, ಅದು ಬೇರೆ ಮಾತು. ಉಳಿದಂತೆ, ಆರೂ ಕೈಕೊಟ್ಟಿವೆ ಅಂದರೆ ಟ್ರೇನಲ್ಲೇ ಏನೋ ನಡೆದಿದೆ.

ಏನು ನಡೆದಿದೆ ಅಂತ ಊಹೆ ಮಾಡುತ್ತಾ ಕೂರಬೇಡಿ. ಒಂದು ಬೀಜ ಹೋದರೆ ಹೋಗಲಿ, ಅಗೆದು ನೋಡಿ. ಹಲ್ಲುಕಡ್ಡಿ ಸಾಕು. ಬೀಜ ಹಾಕಿದ ಜಾಗದ ಪಕ್ಕದಿಂದ ಮೆಲ್ಲಗೆ ಮಣ್ಣು ಎತ್ತಿ, ಬೀಜವನ್ನು ಅಂಗೈ ಮೇಲೆ ಇಟ್ಟುಕೊಳ್ಳಿ.

ಬೇರು ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದರೆ ಮೆತ್ತಗೆ ಕರಗಿದ ಹಾಗಿದೆಯಾ? ಮೇಲಿನ ಸಿಪ್ಪೆ ಜಾರಿ ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದಾ? ಹಾಗಿದ್ದರೆ ಅದು ಕೊಳೆತಿದೆ. ಬೇರು ಬೆಳ್ಳಗೇ ಇದೆ, ಕುಡಿ ಉದ್ದವಾಗಿ ಬೆಳೆದು ಒಳಗೇ ಸುತ್ತಿಕೊಂಡಿದೆ ಅಂದರೆ ಬೀಜ ಆಳಕ್ಕೆ ಹೋಗಿದೆ, ಇಲ್ಲವೇ ಮೇಲಿನ ಮಣ್ಣು ಗಟ್ಟಿಯಾಗಿದೆ. ಬೇರಿನ ತುದಿ ಮುರಿದು ಒಣಗಿದ್ದರೆ ನಾಟುವಾಗಲೇ ಪೆಟ್ಟು ಬಿದ್ದಿದೆ. ಬೇರು ಹಾಕಿದಷ್ಟೇ ಇದ್ದು ಬೆಳ್ಳಗಿದ್ದರೆ ಅದಕ್ಕೆ ಚಳಿ. ಮತ್ತೆ ಮುಚ್ಚಿಟ್ಟು ಬೆಚ್ಚಗಿನ ಕಡೆ ಇಡಿ, ಇನ್ನೂ ಬರಬಹುದು. ಬೀಜವೇ ಕಾಣದಿದ್ದರೆ ಇರುವೆಯನ್ನೋ ಇಲಿಯನ್ನೋ ಕೇಳಬೇಕು.

ಇದರಲ್ಲಿ ಮನೆಯೊಳಗೆ ಹೆಚ್ಚಾಗಿ ಕಾಣುವುದು ಕೊಳೆತದ್ದು. ಹೊಲದಲ್ಲಿ ಗಾಳಿ ಬಿಸಿಲು ಇರುತ್ತದೆ, ಮಣ್ಣು ತಾನೇ ಆರುತ್ತದೆ. ಮನೆಯೊಳಗೆ ಗಾಳಿ ಅಲ್ಲಾಡುವುದಿಲ್ಲ. ನಾವೋ, ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಒಮ್ಮೆ ನೀರು, ಸಂಜೆ ಆಫೀಸಿನಿಂದ ಬಂದು ಇನ್ನೊಮ್ಮೆ. ನೀರು ತುಂಬಿ ಗಾಳಿಗೆ ಜಾಗ ಇಲ್ಲದಿದ್ದರೆ ಎಳೆ ಬೇರಿಗೆ ಉಸಿರು ಕಟ್ಟುತ್ತದೆ. ಅಂಥ ಕಡೆ ಪಿಥಿಯಂ ಅನ್ನುವ ಶಿಲೀಂಧ್ರದಂಥ ಜೀವಿಗೆ ಹಬ್ಬ. ನರ್ಸರಿಯವರು ಸಸಿ ಕೊಳೆ ರೋಗ ಅಂತ ಹೇಳುತ್ತಾರಲ್ಲ, ಅದು. ಸಸಿ ಮೇಲೆ ಬಂದು ಬುಡದಲ್ಲಿ ಬಾಗಿ ಬಿದ್ದಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೇಲೆ ಬರುವ ಮುಂಚೆಯೇ ಒಳಗೆ ಕೊಂದಾಗ ಯಾರಿಗೂ ಕಾಣುವುದಿಲ್ಲ, ಬೈಗುಳ ಮಾತ್ರ ಬೀಜಕ್ಕೆ.

ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಅದರ ಮೇಲ್ಭಾಗ ಬೇಗ ಆರಿ ತಿಳಿ ಕಂದು ಬಣ್ಣಕ್ಕೆ ಬರುತ್ತದೆ. ಕೆಳಗೆ ಮಾತ್ರ ತೊಪ್ಪೆ. ನಾವು ಮೇಲಿನ ಬಣ್ಣ ನೋಡಿ ಮತ್ತೆ ನೀರು ಹಾಕುತ್ತೇವೆ. ಕಣ್ಣನ್ನು ನಂಬುವುದಕ್ಕಿಂತ ಕೈಯನ್ನು ನಂಬಿ. ಬೀಜ ಹಾಕುವ ಮುಂಚೆ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ನೀರು ಧಾರೆಯಾಗಿ ಸುರಿದರೆ ಜಾಸ್ತಿಯಾಯಿತು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ. ಆಮೇಲೆ ದಿನಾ ಟ್ರೇ ಎತ್ತಿ ಭಾರ ನೋಡಿ. ಹಗುರ ಅನ್ನಿಸಿದರೆ ಮಾತ್ರ ನೀರು, ಅದೂ ಚಿಮುಕಿಸುವಷ್ಟು. ಟ್ರೇ ಕೆಳಗೆ ತೂತು ಇದೆಯಾ ಅಂತಲೂ ನೋಡಿ. ಐಸ್‌ಕ್ರೀಂ ಡಬ್ಬಿಗೆ ತೂತು ಮಾಡದೆ ಬೀಜ ಹಾಕುವವರು ಇದ್ದಾರೆ, ಸುಮ್ನೆ ಹೇಳುತ್ತಿಲ್ಲ.

ಕೋಕೋಪೀಟ್ ಬಗ್ಗೆ ಇನ್ನೊಂದು ಮಾತು. ಇಟ್ಟಿಗೆಯಂತೆ ಒತ್ತಿ ಮಾರುವ, ಸರಿಯಾಗಿ ತೊಳೆಯದ ಅಗ್ಗದ ಕೋಕೋಪೀಟಿನಲ್ಲಿ ಉಪ್ಪು ಉಳಿದಿರುತ್ತದೆ. ಎಳೆ ಬೇರಿಗೆ ಅದು ಆಗುವುದಿಲ್ಲ. ನೆನೆಸಿ, ಹಿಂಡಿ, ಮತ್ತೆ ನೀರು ಹಾಕಿ ಎರಡು ಮೂರು ಸಲ ತೊಳೆದರೆ ಒಳ್ಳೆಯದು. ಟ್ರೈಕೋಡರ್ಮ ಪುಡಿ ಸಿಕ್ಕರೆ ಪೊಟ್ಟಣದ ಮೇಲೆ ಹೇಳಿದಷ್ಟು ಬೆರೆಸಿ. ಅದು ಶಿಲೀಂಧ್ರವೇ, ಆದರೆ ಪಿಥಿಯಂ ವಿರುದ್ಧ ನಮ್ಮ ಪಕ್ಷದ್ದು.

ಗೊಬ್ಬರ? ಬೇಡ. ಬೀಜ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬಂದಿರುತ್ತದೆ. ಬೀಜದೆಲೆಯ ನಂತರದ ನಿಜವಾದ ಎಲೆ ಬರುವವರೆಗೆ ಅದಕ್ಕೆ ಅಷ್ಟು ಸಾಕು.

ಆದರೆ ಆ ಬುತ್ತಿ ಚಿಕ್ಕದು. ಆಳದ ಲೆಕ್ಕ ಇಲ್ಲೇ ಬರುತ್ತದೆ. ಮೆಣಸಿನ ಬೀಜವನ್ನು ಒಂದು ಇಂಚು ಒಳಗೆ ತಳ್ಳಿದರೆ ಬೆಳಕು ಕಾಣುವ ಮುಂಚೆಯೇ ಅದರ ಶಕ್ತಿ ಮುಗಿಯಬಹುದು. ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು ಮುಚ್ಚಿದರೆ ಸಾಕು. ಮೆಣಸಿನಕಾಯಿ, ಟೊಮೆಟೊಗೆ ಅರ್ಧ ಸೆಂಟಿಮೀಟರು, ಹಾಗಲಕ್ಕೆ ಒಂದೂವರೆಯಿಂದ ಎರಡು. ಅಂಗಳದ ಕೆಮ್ಮಣ್ಣನ್ನು ಹಾಗೇ ತುಂಬಿದ್ದರೆ ನೀರು ಬಿದ್ದು ಆರಿದ ಮೇಲೆ ಹಕ್ಕಳೆ ಕಟ್ಟುತ್ತದೆ. ಕೊಕ್ಕೆಯಂತೆ ಬಾಗಿ ಬರುವ ಕುಡಿ ಅದನ್ನು ಒಡೆಯಲಾರದು. ಸ್ವಲ್ಪ ಮರಳು ಬೆರೆಸಿ, ಮೇಲಿನ ಪದರವನ್ನಾದರೂ ಸಡಿಲ ಇಡಿ.

ಹಾಗಂತ ತೀರಾ ಮೇಲೆ ಇಡುವುದೂ ತಪ್ಪೇ. ಆಗ ಬೀಜದ ಸಿಪ್ಪೆ ಟೋಪಿಯಂತೆ ಎಲೆಯ ಮೇಲೇ ಕೂತುಬಿಡುತ್ತದೆ. ಮಣ್ಣಿನ ಒತ್ತಡ ಇದ್ದರೆ ತಾನೇ ಅದು ಕೆಳಗೆ ಉಳಿಯುವುದು? ಸೌತೆಯಲ್ಲಂತೂ ಕುಡಿಯ ಬುಡದಲ್ಲಿ ಒಂದು ಪುಟ್ಟ ಗೂಟ ಮೂಡಿ, ಸಿಪ್ಪೆಯ ಅಂಚನ್ನು ಒತ್ತಿ ಹಿಡಿಯುತ್ತದೆ. ಎಲೆಗಳು ಸಿಪ್ಪೆಯಿಂದ ನುಸುಳಿ ಹೊರಬರುತ್ತವೆ. ಬೀಜವನ್ನು ಅಡ್ಡ ಮಲಗಿಸಿ ಇಟ್ಟರೆ ಈ ಕೆಲಸ ಸಲೀಸು. ಟೋಪಿ ಸಿಕ್ಕಿಕೊಂಡೇ ಬಂದರೆ ಒಣಗಿದ್ದಾಗ ಎಳೆಯಬೇಡಿ, ಎಲೆಯೂ ಕಿತ್ತು ಬರುತ್ತದೆ. ಒಂದು ಹನಿ ನೀರು ಬಿಟ್ಟು, ನೆನೆದ ಮೇಲೆ ಮೆಲ್ಲಗೆ ಬಿಡಿಸಿ.

ನಾಟುವ ಹೊತ್ತೂ ಮುಖ್ಯ. ಬೇರು ಎರಡರಿಂದ ಐದು ಮಿಲಿಮೀಟರು ಇರುವಾಗಲೇ ಟ್ರೇಗೆ ಹಾಕಿ. ಬಟ್ಟೆಯ ಬದಲು ಟಿಶ್ಯೂ ಕಾಗದದಲ್ಲಿ ಕಟ್ಟಿಟ್ಟವರು ಇನ್ನೂ ಉದ್ದ ಆಗಲಿ ಅಂತ ಕಾದರೆ ಬೇರು ಕಾಗದದ ಎಳೆಯೊಳಗೆ ಹೊಕ್ಕುಬಿಡುತ್ತದೆ. ಎಳೆದರೆ ತುದಿ ಅಲ್ಲೇ ಉಳಿಯುತ್ತದೆ. ಆಗಲೇ ಹೊಕ್ಕಿದ್ದರೆ ಕಾಗದವನ್ನು ಸುತ್ತ ಕತ್ತರಿಸಿ ಅದರ ಸಮೇತ ನೆಡಿ. ಕಾಗದ ಮಣ್ಣಲ್ಲಿ ಕರಗುತ್ತದೆ, ಚಿಂತೆ ಬೇಡ.

ಇನ್ನು ಚಳಿ. ಮೆಣಸಿನಕಾಯಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇಷ್ಟ, ಅಷ್ಟಿದ್ದರೆ ಎಂಟು ಹತ್ತು ದಿನದಲ್ಲಿ ತಲೆ ಎತ್ತುತ್ತದೆ. 15 ಡಿಗ್ರಿಗೆ ಇಳಿದರೆ ಮೂರು ವಾರ ದಾಟಿದರೂ ಆಶ್ಚರ್ಯ ಇಲ್ಲ. ಡಿಸೆಂಬರಿನ ಬೆಂಗಳೂರಿನಲ್ಲಿ ಕಿಟಕಿ ಕಟ್ಟೆಯ ಮೇಲೆ ಟ್ರೇ ಇಟ್ಟು ಬೀಜಕ್ಕೆ ಬೈದರೆ ಏನು ಪ್ರಯೋಜನ? ರಾತ್ರಿ ಹೊತ್ತು ಅಡುಗೆಮನೆಗೆ ತನ್ನಿ. ಫ್ರಿಜ್ ಮೇಲೆ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಕೈ ಇಟ್ಟು ನೋಡಿ, ಈಗಿನ ಬಹಳ ಫ್ರಿಜ್‌ಗಳ ಮೇಲೆ ಬಿಸಿಯೇ ಇರುವುದಿಲ್ಲ.

ಈ ತರಕಾರಿಗಳಿಗೆ ಮಣ್ಣೊಳಗೆ ಇರುವಷ್ಟು ದಿನ ಬೆಳಕು ಬೇಕಿಲ್ಲ. ಆದರೆ ಮೊದಲ ಕೊಕ್ಕೆ ಕಂಡ ದಿನವೇ ಟ್ರೇಯನ್ನು ಬೆಳಕಿಗೆ ತನ್ನಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದರೆ ತೆಗೆಯಿರಿ. ಉಳಿದವು ಬರಲಿ ಅಂತ ಕಾಯಬೇಡಿ, ಬಂದದ್ದು ಸೊರಗುತ್ತದೆ. ಮೆಣಸಿನಕಾಯಿಯಲ್ಲಿ ಮೂರು ವಾರ ಕಳೆದರೂ ಏನೂ ಕಾಣದಿದ್ದರೆ, ಅಗೆದಾಗ ಬೀಜ ಮೆತ್ತಗಾಗಿದ್ದರೆ, ಆ ಮಣ್ಣನ್ನು ಮತ್ತೆ ಬೀಜಕ್ಕೆ ಬಳಸಬೇಡಿ. ಬಿಸಿಲಿಗೆ ಹರಡಿ, ದೊಡ್ಡ ಗಿಡದ ಕುಂಡಕ್ಕೆ ಹಾಕಿ. ಟ್ರೇಯನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ, ಹೊಸದಾಗಿ ತುಂಬಿ.

ನಮಸ್ಕಾರ.